ದೇವತೆಗಳ ಪಾಲು

ಹೊಸದುರ್ಗ, ಹೊಳಲ್ಕೆರೆಗಳ ತೆಂಗಿನ ತೋಟದ ಮನೆಗಳಲ್ಲಿ ಅಟ್ಟಕ್ಕೆ ವಿಶೇಷ ಗೌರವವುಂಟು. ಬಲಿತ ಕಾಯಿಗಳನ್ನು ಸಿಪ್ಪೆಸಹಿತ ಅಲ್ಲಿ ಹರಡಿ, ಎಂಟು ಹತ್ತು ತಿಂಗಳು ಅವುಗಳ ಪಾಡಿಗೆ ಬಿಡುವುದು ವಾಡಿಕೆ. ಒಳಗಿನ ನೀರು ಮೆಲ್ಲಮೆಲ್ಲನೆ ಗಾಳಿಯ ಪಾಲಾಗುತ್ತದೆ. ಒಂದು ದಿನ ಮನೆಯ ಹಿರಿಯರು ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ನೀರಿನ ಸದ್ದಡಗಿ ಗಿಟುಕು ಲೊಡಲೊಡನೆ ಉರುಳಿತೆಂದರೆ ಕೊಬ್ಬರಿ ಸಿದ್ಧ! ತೂಕ ಇಳಿದಿದೆ, ರುಚಿ ಏರಿದೆ.

ಕಳೆದುಕೊಂಡು ಗಳಿಸುವ ಈ ವಿದ್ಯೆಯನ್ನೇ ನೆಚ್ಚಿಕೊಂಡ ಊರೊಂದು ಫ್ರಾನ್ಸಿನ ಪಶ್ಚಿಮ ಭಾಗದಲ್ಲಿ, ಶರಾಂತ್ ನದಿಯ ದಂಡೆಯ ಮೇಲಿದೆ. ಅದರ ಹೆಸರು ಕೋನ್ಯಾಕ್. ಅಲ್ಲಿ ಬಿಳಿ ದ್ರಾಕ್ಷಿಯ ಮದ್ಯವನ್ನು ತಾಮ್ರದ ಪಾತ್ರೆಯಲ್ಲಿ ಎರಡು ಬಾರಿ ಬಟ್ಟಿಯಿಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ತುಂಬಿಡುತ್ತಾರೆ. ತುಂಬುವಾಗ ಅದಕ್ಕೆ ಬಣ್ಣವಿಲ್ಲ, ಖಾರವಾದರೋ ಅತಿ. ಹೊನ್ನಿನ ಬಣ್ಣವನ್ನೂ ಪರಿಮಳವನ್ನೂ ಕೊಡುವುದು ಮರ. ಖಾರವನ್ನು ಮೃದುಗೊಳಿಸುವುದು ಕಾಲ. ಮರದ ಸೂಕ್ಷ್ಮ ರಂಧ್ರಗಳ ಮೂಲಕ ವರ್ಷಕ್ಕೆ ಶೇಕಡ 2ರಷ್ಟು ಆವಿಯಾಗಿ ಹೋಗುತ್ತದೆ. ಅಲ್ಲಿಯ ಜನ ಇದಕ್ಕೆ ‘ದೇವತೆಗಳ ಪಾಲು’ ಎಂದು ಹೆಸರಿಟ್ಟಿದ್ದಾರೆ. ಆ ಆವಿಯನ್ನುಂಡು ಬೆಳೆಯುವ ಕಪ್ಪು ಬೂಷ್ಟು ಉಗ್ರಾಣದ ಗೋಡೆ, ಹೆಂಚುಗಳನ್ನೆಲ್ಲ ಮಸಿ ಬಳಿದಂತೆ ಮಾಡಿರುತ್ತದೆ.

ಹಲವು ದಶಕ ಕಳೆದು ಮರವು ಕೊಡಬೇಕಾದುದನ್ನೆಲ್ಲ ಕೊಟ್ಟ ಮೇಲೆ ಪಾನೀಯವನ್ನು ದೊಡ್ಡ ಗಾಜಿನ ಬುದ್ದಲಿಗಳಿಗೆ ಸುರಿದು, ‘ಸ್ವರ್ಗ’ವೆಂದು ಕರೆಯುವ ಮೂಲೆಯಲ್ಲಿ ಇರಿಸುತ್ತಾರೆ. ಗಾಜನ್ನು ಸೇರಿದೊಡನೆ ಅದರ ವಯಸ್ಸು ನಿಂತಂತೆ. ಬೀರುವಿನಲ್ಲಿ ಮೂವತ್ತು ವರ್ಷ ಜೋಪಾನಮಾಡಿದ ಶೀಸೆ ಮೂವತ್ತು ವರ್ಷ ಹೆಚ್ಚು ಪಕ್ವವಾಯಿತೆಂದು ನಂಬುವುದು ಬರಿಯ ಭ್ರಮೆ.

ಇಂತಹ ಅಪೂರ್ವ ವಸ್ತುವಿನ ರುಚಿ ನೋಡುವ ಕ್ರಮವೂ ಸಾವಧಾನದ್ದು. ಬಾಯಿ ಕಿರಿದಾದ ಸಣ್ಣ ಗಾಜಿನ ಲೋಟದಲ್ಲಿ ಒಂದಿಷ್ಟೇ ಹಾಕಿ, ಮೊದಲು ದೂರದಿಂದ, ಬಳಿಕ ಸಮೀಪದಿಂದ ಆಘ್ರಾಣಿಸಬೇಕು. ಅಕ್ರೋಟು, ಒಣಹಣ್ಣು, ಅಣಬೆಗಳನ್ನು ನೆನಪಿಗೆ ತರುವ ಹಳೆಯ ವಾಸನೆಗೆ ‘ರಾನ್ಸಿಯೊ’ ಎನ್ನುತ್ತಾರೆ. ನಾಲಗೆಗೆ ಬೇಕಾದುದು ಕೆಲವೇ ಹನಿ. ಮದ್ಯದಿಂದ ಹಾಳಾದ ಸಂಸಾರಗಳನ್ನು ಕಂಡ ನಾಡಿಗೆ, ಹನಿಯಲ್ಲೇ ತೃಪ್ತಿಯನ್ನು ಕಾಣುವ ಈ ಮಿತಿ ಗಮನಾರ್ಹವಾದುದು.

ಹಾಗಾದರೆ ಉಷ್ಣದೇಶದಲ್ಲಿ ಇಂತಹ ಪಾಕ ಸಾಧ್ಯವೆ? ಉತ್ತರ ಕನ್ನಡ ನೆಲದಲ್ಲಿಯೇ ಇದೆ. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಮೃತ್ ಸಂಸ್ಥೆ, ಬಾರ್ಲಿಯಿಂದ ತಯಾರಿಸಿದ ತನ್ನ ವಿಸ್ಕಿಯನ್ನು 2004ರಲ್ಲಿ ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಬಿಡುಗಡೆ ಮಾಡಿತು! ಶಂಕಿಸಿದವರಿಗೆ ಕೊರತೆಯಿರಲಿಲ್ಲ. ಆದರೆ ಅದರ ‘ಫ್ಯೂಷನ್’ ಎಂಬ ವಿಸ್ಕಿಗೆ ಬ್ರಿಟಿಷ್ ವಿಮರ್ಶಕ ಜಿಮ್ ಮರ‍್ರೆ ತಮ್ಮ 2010ರ ಕೈಪಿಡಿಯಲ್ಲಿ ಜಗತ್ತಿಗೇ ಮೂರನೆಯ ಸ್ಥಾನವನ್ನಿತ್ತರು.

ಬೆಂಗಳೂರಿನ ದೇವತೆಗಳಿಗೆ ಹಸಿವು ಹೆಚ್ಚು. ವರ್ಷಕ್ಕೆ ಶೇಕಡ 10ರಿಂದ 12ರಷ್ಟು ಅವರ ಪಾಲು. ಎಂಟು ವರ್ಷ ಇರಿಸಿದ ವಿಸ್ಕಿಗೆ ಸಂಸ್ಥೆ ‘ದುರಾಸೆಯ ದೇವತೆಗಳು’ ಎಂಬರ್ಥದ ಹೆಸರನ್ನೇ ಇಟ್ಟಿತು. ಶೇಕಡ 12ರ ಲೆಕ್ಕ ಹಿಡಿದರೆ 100 ಲೀಟರಿನಲ್ಲಿ 8 ವರ್ಷಕ್ಕೆ ಉಳಿಯುವುದು ಸುಮಾರು 36 ಲೀಟರು. ಶೇಕಡ 2ರಂತೆ ಕೋನ್ಯಾಕಿನಲ್ಲಿ ಅಷ್ಟು ಬರಿದಾಗಲು 50 ವರ್ಷ ಬೇಕು! ಹಾಗೆಂದು ಎರಡೂ ಒಂದೇ ಎನ್ನಲಾಗದು. ಸೆಕೆಯು ಮರದ ಸತ್ತ್ವವನ್ನು ಬೇಗ ಸೆಳೆದೀತು. ರಾನ್ಸಿಯೊ ಮಾತ್ರ ದಶಕಗಳನ್ನೇ ಕೇಳುತ್ತದೆ.

ಆದ್ದರಿಂದ ಶೀಸೆಯ ಮೇಲಿನ ವರ್ಷದ ಅಂಕೆ ಎಲ್ಲ ಊರುಗಳಲ್ಲಿಯೂ ಒಂದೇ ಅರ್ಥವನ್ನು ಕೊಡಲಾರದು. ಹೊಸದುರ್ಗದ ಹಿರಿಯರು ಇದನ್ನು ಬಲ್ಲರು. ಅವರು ಪಂಚಾಂಗ ನೋಡಿ ಕಾಯಿ ಸುಲಿಯುವುದಿಲ್ಲ. ಅಲ್ಲಾಡಿಸಿ, ಕಿವಿಗೊಟ್ಟು ಕೇಳುತ್ತಾರೆ.