ನಲವತ್ತು ಕಂಪ್ಯೂಟರಿಗೆ ಒಂದೇ ಅಚ್ಚು

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಯಾರಿಗೆ ಯಾವ ಕಂಪ್ಯೂಟರ್ ಸಿಗುತ್ತದೆ ಎನ್ನುವುದು ಅದೃಷ್ಟದ ಮಾತಾಗಬಾರದು. ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುವ ನನ್ನ ಹಟ ಇದೊಂದೇ. ಒಂದರಲ್ಲಿ ಪೈಥಾನ್ ಹಳೆಯದು, ಪಕ್ಕದ್ದರಲ್ಲಿ ಹೊಸದು, ಅದರಾಚೆಯದರಲ್ಲಿ ಮೈಎಸ್‌ಕ್ಯೂಎಲ್ ಪಾಸ್‌ವರ್ಡನ್ನೇ ಯಾರೋ ಬದಲಾಯಿಸಿಟ್ಟಿದ್ದಾರೆ. ಪ್ರೋಗ್ರಾಂ ಸರಿಯಾಗಿ ಬರೆದ ಹುಡುಗಿ ಔಟ್‌ಪುಟ್ ಬಾರದೆ ಕಣ್ಣಲ್ಲಿ ನೀರು ತುಂಬಿಕೊಂಡು ಕೂತರೆ ತಪ್ಪು ಅವಳದಲ್ಲ, ಲ್ಯಾಬಿನದು. ಅದಕ್ಕೇ ಸೆಮಿಸ್ಟರ್ ಶುರುವಾಗುವ ಮೊದಲು ಎಲ್ಲ ಕಂಪ್ಯೂಟರುಗಳಿಗೂ ಒಂದೇ ಡಿಸ್ಕ್ ಇಮೇಜ್ ಹಾಕುತ್ತೇವೆ.

ಒಂದು ಕಂಪ್ಯೂಟರನ್ನು ಚೊಕ್ಕವಾಗಿ ಸಿದ್ಧಮಾಡಿ, ಅದರ ಡಿಸ್ಕ್‌ನಲ್ಲಿರುವ ಆಪರೇಟಿಂಗ್ ಸಿಸ್ಟಂ, ಸಾಫ್ಟ್‌ವೇರ್, ಸೆಟ್ಟಿಂಗ್ ಎಲ್ಲವನ್ನೂ ಇದ್ದಹಾಗೇ ಸರ್ವರಿಗೆ ಎತ್ತಿಟ್ಟುಕೊಂಡರೆ ಅದೇ ಇಮೇಜ್. ನ್ಯೂಜಿಲೆಂಡ್‌ನಲ್ಲಿ ಹುಟ್ಟಿ, 1998ರಲ್ಲಿ ಸಿಮ್ಯಾಂಟೆಕ್ ಕಂಪನಿಯ ಪಾಲಾದ ಘೋಸ್ಟ್ ಒಂದು ಕಾಲಕ್ಕೆ ಈ ಕೆಲಸಕ್ಕೆ ಹೆಸರುವಾಸಿ. ನಾವು ಬಳಸುವುದು ಕ್ಲೋನ್‌ಜಿಲ್ಲಾ. ತೈವಾನ್‌ನ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಕೇಂದ್ರದವರು ಮಾಡಿದ್ದು, ಪೂರ್ತಿ ಉಚಿತ. 256 ಜಿಬಿ ಡಿಸ್ಕ್‌ನಲ್ಲಿ 40 ಜಿಬಿ ಮಾತ್ರ ತುಂಬಿದ್ದರೆ ಅದು ಆ 40 ಜಿಬಿಯನ್ನಷ್ಟೇ ಓದಿ, ಕುಗ್ಗಿಸಿ ಇಡುತ್ತದೆ.

ಹಂಚುವ ದಿನ ಪೆನ್‌ಡ್ರೈವ್ ಹಿಡಿದು ಓಡಾಡುವುದಿಲ್ಲ. ಕಂಪ್ಯೂಟರ್ ಆನ್ ಮಾಡಿ, ಬೂಟ್ ಮೆನುವಿನಲ್ಲಿ ನೆಟ್‌ವರ್ಕ್ ಆರಿಸುತ್ತೇವೆ. ಡಿಸ್ಕ್‌ನ ಹಂಗಿಲ್ಲದೆ ನೆಟ್‌ವರ್ಕ್ ಕಾರ್ಡೇ ಎದ್ದು, ನನಗೊಂದು ವಿಳಾಸ ಕೊಡಿ ಎಂದು ಕೇಳುತ್ತದೆ. ಇದಕ್ಕೆ ಪಿಎಕ್ಸ್‌ಇ ಎಂದು ಹೆಸರು. ಸರ್ವರ್ ವಿಳಾಸ ಕೊಟ್ಟು, ಬೂಟ್ ಫೈಲ್ ಎಲ್ಲಿದೆ ಎಂದೂ ಹೇಳುತ್ತದೆ. ಪುಟ್ಟದೊಂದು ಲಿನಕ್ಸ್ ಬಂದು ಮೆಮೊರಿಯಲ್ಲಿ ಕೂರುತ್ತದೆ. ಮುಂದಿನದನ್ನು ಅದು ನೋಡಿಕೊಳ್ಳುತ್ತದೆ.

ಇಲ್ಲೊಂದು ಲೆಕ್ಕವಿದೆ. ಕುಗ್ಗಿಸಿದ ಇಮೇಜ್ 20 ಜಿಬಿ ಇದೆ ಎನ್ನಿ. ನಲವತ್ತು ಕಂಪ್ಯೂಟರುಗಳಿಗೂ ಬೇರೆಬೇರೆಯಾಗಿ ಕಳಿಸಿದರೆ ಸರ್ವರಿನ ಒಂದೇ ತಂತಿಯಲ್ಲಿ 800 ಜಿಬಿ ಹರಿಯಬೇಕು. ಗಿಗಾಬಿಟ್ ತಂತಿಯಲ್ಲೂ ಅದಕ್ಕೆ ಸುಮಾರು ಎರಡು ಗಂಟೆ ಬೇಕು. ಮಲ್ಟಿಕಾಸ್ಟ್‌ನಲ್ಲಿ ಹಾಗಲ್ಲ. ಮೇಷ್ಟ್ರು ಒಮ್ಮೆ ಉಕ್ತಲೇಖನ ಹೇಳಿದರೆ ಇಡೀ ತರಗತಿ ಬರೆದುಕೊಳ್ಳುವಂತೆ, ಸರ್ವರ್ ಕಳಿಸುವುದು ಒಂದೇ ಸಲ, ಎಲ್ಲ ಯಂತ್ರಗಳೂ ಒಟ್ಟಿಗೆ ಹಿಡಿದುಕೊಳ್ಳುತ್ತವೆ. 5.6 ಜಿಬಿ ಇಮೇಜನ್ನು 41 ಕಂಪ್ಯೂಟರುಗಳಿಗೆ ಹೀಗೆ ಸುಮಾರು ಹತ್ತು ನಿಮಿಷದಲ್ಲಿ ಹಾಕಿದ್ದನ್ನು ಕ್ಲೋನ್‌ಜಿಲ್ಲಾ ತಂಡವೇ ದಾಖಲಿಸಿದೆ.

ಆದರೆ ನಿಧಾನದವನಿಗಾಗಿ ಎಲ್ಲರೂ ಕಾಯಬೇಕು. ಗಿಗಾಬಿಟ್ ವೇಗಕ್ಕೆ ಕೇಬಲ್‌ನೊಳಗಿನ ನಾಲ್ಕೂ ಜೋಡಿ ತಂತಿ ಸರಿಯಿರಬೇಕು. ಕುರ್ಚಿಯ ಕಾಲಿಗೆ ಸಿಕ್ಕಿ ಒಂದು ಜೋಡಿ ತುಂಡಾದರೂ ಆ ಕಂಪ್ಯೂಟರ್ ಬಹಳ ಸಲ ಸದ್ದಿಲ್ಲದೆ 100 ಮೆಗಾಬಿಟ್‌ಗೆ ಇಳಿಯುತ್ತದೆ. ಇಂಟರ್‌ನೆಟ್ ಬರುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮಲ್ಟಿಕಾಸ್ಟ್ ಶುರುವಾದಾಗ ಮಾತ್ರ ಇಡೀ ಲ್ಯಾಬ್ ಕುಂಟುತ್ತದೆ. ನಮ್ಮ ಸ್ವಿಚ್‌ನಲ್ಲಿ ಅಂಥ ಪೋರ್ಟಿನ ದೀಪ ಹಸಿರಿನ ಬದಲು ಕಿತ್ತಳೆ ಬಣ್ಣದಲ್ಲಿ ಉರಿಯುತ್ತದೆ. ನಾನು ಮೊದಲು ನೋಡುವುದೇ ಆ ದೀಪಗಳ ಸಾಲನ್ನು.

ನಕಲಿನ ಜತೆ ಗುರುತೂ ನಕಲಾಗುತ್ತದೆ ಎಂಬುದನ್ನು ಮರೆಯಬಾರದು. ವಿಂಡೋಸ್ ಆದರೆ ಇಮೇಜ್ ತೆಗೆಯುವ ಮೊದಲು ಸಿಸ್‌ಪ್ರೆಪ್ ಓಡಿಸಿ ಆ ಯಂತ್ರದ ಗುರುತನ್ನು ಅಳಿಸಬೇಕು. ಲಿನಕ್ಸ್ ಆದರೆ ಹೋಸ್ಟ್‌ನೇಮ್, ಮಷಿನ್ ಐಡಿ, ಎಸ್‌ಎಸ್‌ಎಚ್ ಕೀಗಳನ್ನು ಪ್ರತಿ ಯಂತ್ರಕ್ಕೂ ಹೊಸದಾಗಿ ಮಾಡಬೇಕು. ಮಾದರಿ ಯಂತ್ರದಲ್ಲಿ ಉಳಿದ ದೋಷ ಅಷ್ಟೂ ಯಂತ್ರಗಳಿಗೆ ಇಳಿಯುತ್ತದೆ. ಹಾಗಾಗಿ ನನ್ನ ಹೆಚ್ಚಿನ ಸಮಯ ಹೋಗುವುದು ಹಂಚುವುದಕ್ಕಲ್ಲ, ಆ ಒಂದೇ ಕಂಪ್ಯೂಟರಿನ ಮುಂದೆ ಕೂತು ಸಿಲಬಸ್‌ನ ಒಂದೊಂದು ಪ್ರೋಗ್ರಾಮನ್ನೂ ಓಡಿಸಿ ನೋಡುವುದಕ್ಕೆ.

ನಿಮ್ಮೂರಿನ ಶಾಲೆಯಲ್ಲಿ ಒಂದೇ ಮಾದರಿಯ ಹತ್ತು ಕಂಪ್ಯೂಟರುಗಳು ಸಾಫ್ಟ್‌ವೇರ್ ಕೆಟ್ಟು ಕೂತಿದ್ದರೆ ಸರ್ವರಿಗೆಂದು ಒಂದು ಹಳೆಯ ಪಿಸಿ, ಒಂದು ಸ್ವಿಚ್, ಒಂದಷ್ಟು ಕೇಬಲ್ ಹೊಂದಿಸಿಕೊಂಡು ಶುರುಮಾಡಬಹುದು. ಆ ಸ್ವಿಚ್ಚನ್ನು ಶಾಲೆಯ ಉಳಿದ ನೆಟ್‌ವರ್ಕಿನಿಂದ ಬೇರೆಯಾಗಿಡಿ, ಇಲ್ಲವಾದರೆ ವಿಳಾಸ ಕೊಡುವ ಎರಡು ಸರ್ವರುಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಹೊಸ ಇಮೇಜ್ ಬಿದ್ದ ಡಿಸ್ಕ್‌ನಲ್ಲಿದ್ದ ಹಳೆಯದೆಲ್ಲ ಅಳಿಸಿಹೋಗುತ್ತದೆ. ಮಕ್ಕಳ ಫೈಲುಗಳನ್ನು ಮೊದಲು ತೆಗೆದಿಟ್ಟುಕೊಳ್ಳಿ, ಆಮೇಲೆ ಒಂದೇ ಒಂದು ಕಂಪ್ಯೂಟರಿನ ಮೇಲೆ ಹಾಕಿ ನೋಡಿ.