ಈ ಸಿಗಡಿ ಇಷ್ಟು ದಪ್ಪ ಯಾಕೆ? ಇಂಜೆಕ್ಷನ್ ಕೊಟ್ಟಿದ್ದಾರಾ?

ಭಾನುವಾರ ಬೆಳಗ್ಗೆ ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೋದರೆ ಮೀನಿನ ಸಾಲಿನಲ್ಲಿ ಐಸ್ ಮೇಲೆ ಗುಡ್ಡೆ ಹಾಕಿದ ಬೂದು ಬಣ್ಣದ ಸಿಗಡಿ ಕಾಣುತ್ತದೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ. ಹಲಸೂರಿನ ಅಂಗಡಿಯಲ್ಲೂ ಅಷ್ಟೇ, ಇಂದಿರಾನಗರದ ಮನೆಗೆ ಆ್ಯಪ್‌ನಲ್ಲಿ ತರಿಸಿದರೂ ಅಷ್ಟೇ. ನೋಡಿದವರಿಗೆ ಅನುಮಾನ ಬರುವುದು ಸಹಜ. ಅದಕ್ಕೆ ವಾಟ್ಸಾಪ್‌ನಲ್ಲಿ ಉತ್ತರ ಸಿದ್ಧವಾಗಿರುತ್ತದೆ: "ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಬೆಳೆಸಿದ ಸಿಗಡಿ, ಮಕ್ಕಳಿಗೆ ಕೊಡಬೇಡಿ, ಎಲ್ಲರಿಗೂ ಕಳಿಸಿ!"

ಇದು ನಿಜವೇ? ಚಿಕ್ಕ ಉತ್ತರ: ಅಲ್ಲ. ದೊಡ್ಡ ಉತ್ತರ ಇನ್ನೂ ಸ್ವಾರಸ್ಯವಾಗಿದೆ.

ಮೊದಲು ಒಂದು ಲೆಕ್ಕ

ಈ ಬೂದು ಸಿಗಡಿಯ ಹೆಸರು ವನಾಮಿ. ಇದರ ಮೂಲ ಮೆಕ್ಸಿಕೋದಿಂದ ಪೆರುವರೆಗಿನ ಪೆಸಿಫಿಕ್ ಕರಾವಳಿ. 2009ರಿಂದ ಭಾರತದಲ್ಲಿ ಇದರ ಸಾಕಣೆಗೆ ಅನುಮತಿ ಸಿಕ್ಕಿತು. ಈಗ ಆಂಧ್ರದ ನೆಲ್ಲೂರು, ಭೀಮಾವರಂ ಕಡೆಯ ಕೊಳಗಳಲ್ಲಿ ಹೆಚ್ಚಾಗಿ ಬೆಳೆಯುತ್ತಾರೆ. ಕೋಸ್ಟಲ್ ಅಕ್ವಾಕಲ್ಚರ್ ಅಥಾರಿಟಿ ಹಾಕಿದ ಮಿತಿಯ ಪ್ರಕಾರ ಒಂದು ಚದರ ಮೀಟರ್‌ಗೆ 60 ಮರಿ ಬಿಡಬಹುದು. ಅಂದರೆ ಒಂದು ಹೆಕ್ಟೇರ್ ಕೊಳಕ್ಕೆ 6 ಲಕ್ಷ! ಒಂದೊಂದನ್ನೇ ಹಿಡಿದು ಸೂಜಿ ಚುಚ್ಚಲು ಎಷ್ಟು ಜನ ಬೇಕು, ಎಷ್ಟು ದಿನ ಬೇಕು, ನೀವೇ ಹೇಳಿ.

ಹಾಗಾದರೆ ದಪ್ಪ ಆಗಿದ್ದು ಹೇಗೆ?

ರಾಗಿ ಬೆಳೆಯುವ ರೈತರು ಒಳ್ಳೆಯ ತೆನೆಯನ್ನು ಬಿತ್ತನೆಗೆಂದು ಎತ್ತಿಡುತ್ತಾರಲ್ಲ, ಇದೂ ಹಾಗೆಯೇ. ಬೇಗ ಬೆಳೆದ ಸಿಗಡಿಗಳನ್ನು ಆರಿಸಿ ತಂದೆ-ತಾಯಿ ಮಾಡುವುದು, ಅವುಗಳ ಮಕ್ಕಳಲ್ಲಿ ಮತ್ತೆ ಆರಿಸುವುದು. ಹೊರಗಿನ ಜೀನ್ ಸೇರಿಸುವ ಕೆಲಸ ಇದರಲ್ಲಿ ಇಲ್ಲ.

ಹಿಂದೆ ಸಾಕುತ್ತಿದ್ದ ಟೈಗರ್ ಸಿಗಡಿಗೆ ಈ ಅನುಕೂಲ ಇರಲಿಲ್ಲ. ಪ್ರತಿ ಸಲ ತಾಯಿ ಸಿಗಡಿಯನ್ನು ಸಮುದ್ರದಿಂದಲೇ ಹಿಡಿದು ತರಬೇಕಿತ್ತು. ಆರಿಸಿ ಬೆಳೆಸಿದ ವಂಶವೇ ಇಲ್ಲದ ಮೇಲೆ ಸುಧಾರಣೆ ಎಲ್ಲಿಂದ? ಜೊತೆಗೆ 1994-95ರಲ್ಲಿ ಬಿಳಿ ಚುಕ್ಕೆ ವೈರಸ್ ಬಂದು ರೈತರು ನೆಲಕಚ್ಚಿದರು. ವನಾಮಿಯನ್ನು ಮಾತ್ರ ಹವಾಯಿಯ ಸಂಶೋಧಕರು 1990ರ ದಶಕದಿಂದಲೇ ತಲೆಮಾರುಗಳ ಲೆಕ್ಕ ಇಟ್ಟು ಬೆಳೆಸಿದ್ದರು. 2002ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಒಂದೇ ತಲೆಮಾರು ಆರಿಸಿದ್ದಕ್ಕೆ ಮರಿಗಳ ಬೆಳವಣಿಗೆ 21% ಹೆಚ್ಚಾಗಿತ್ತು. ಇಂದು ವಿದೇಶದಿಂದ ಬರುವ ತಾಯಿ ಸಿಗಡಿಗಳನ್ನು ಚೆನ್ನೈನ ಕ್ವಾರಂಟೈನ್ ಕೇಂದ್ರದಲ್ಲಿ ಪರೀಕ್ಷಿಸಿ ನಂತರವೇ ಹ್ಯಾಚರಿಗಳಿಗೆ ಕೊಡುತ್ತಾರೆ.

ಎಷ್ಟು ಭಾಗ ವಂಶ, ಎಷ್ಟು ಭಾಗ ಊಟ?

ಒಂದೇ ಕೊಳದಲ್ಲಿ ಒಂದು ಸಿಗಡಿ ದಪ್ಪ, ಇನ್ನೊಂದು ಸಣ್ಣ. ಈ ವ್ಯತ್ಯಾಸದಲ್ಲಿ ಮಕ್ಕಳಿಗೆ ದಾಟುವ ಪಾಲು ಎಷ್ಟು ಎಂದು ಹೇಳುವ ಅಳತೆಯೇ ಆನುವಂಶಿಕತೆ. ಇದು 0 ಮತ್ತು 1ರ ನಡುವಿನ ಸಂಖ್ಯೆ. ಉಳಿದದ್ದರಲ್ಲಿ ಆಹಾರ, ನೀರು, ಕೊಳದ ಇಕ್ಕಟ್ಟಿನ ಪಾತ್ರ ದೊಡ್ಡದು.

ಉದಾಹರಣೆಗೆ, ಕೊಳದ ಸರಾಸರಿ ತೂಕ 20 ಗ್ರಾಂ, ನಾವು ಆರಿಸಿದ ತಂದೆ-ತಾಯಿಗಳ ಸರಾಸರಿ 26 ಗ್ರಾಂ, ಆನುವಂಶಿಕತೆ 0.3 ಎಂದುಕೊಳ್ಳಿ. ಹೆಚ್ಚಿದ್ದ 6 ಗ್ರಾಂನಲ್ಲಿ ಮಕ್ಕಳಿಗೆ ದಾಟುವುದು 1.8 ಗ್ರಾಂ ಮಾತ್ರ. ಮುಂದಿನ ತಲೆಮಾರಿನ ಸರಾಸರಿ 21.8 ಗ್ರಾಂ. ಕಡಿಮೆ ಅನ್ನಿಸುತ್ತದೆಯೇ? ಇದನ್ನೇ ಹತ್ತು ತಲೆಮಾರು ಮಾಡಿ ನೋಡಿ.

ಸಿಹಿನೀರಿನ ಸಿಗಡಿಯಲ್ಲಿ ಈ ಕೆಲಸ ಕಷ್ಟ. ಅಲ್ಲಿ ನೀಲಿ ಕೊಂಡಿಯ ದೊಡ್ಡ ಗಂಡುಗಳು ದರ್ಬಾರು ನಡೆಸಿ ಉಳಿದ ಗಂಡುಗಳನ್ನು ಬೆಳೆಯಲು ಬಿಡುವುದಿಲ್ಲ. ಸಣ್ಣದಾಗಿ ಉಳಿದದ್ದರ ವಂಶ ಕೆಟ್ಟದ್ದು ಎನ್ನುವ ಹಾಗಿಲ್ಲ. ಅದಕ್ಕೇ ಇಡೀ ಕುಟುಂಬದ ದಾಖಲೆ ನೋಡಿ ಆರಿಸಬೇಕು. ಭುವನೇಶ್ವರದ ಸಿಫಾ ಸಂಸ್ಥೆ 2007ರಲ್ಲಿ ವರ್ಲ್ಡ್‌ಫಿಶ್ ಜೊತೆಗೂಡಿ, ಗುಜರಾತ್, ಕೇರಳ, ಒಡಿಶಾದ ಸಿಗಡಿಗಳಿಂದ ಇಂಥದ್ದೇ ಕೆಲಸ ಶುರುಮಾಡಿತು. ಇದೇ ಸಂಸ್ಥೆಯ ಪ್ರಾದೇಶಿಕ ಕೇಂದ್ರ ನಮ್ಮ ಹೆಸರಘಟ್ಟದಲ್ಲಿದೆ.

ಸೂಜಿ ಎಲ್ಲೂ ಇಲ್ಲವೇ?

ಇದೆ, ಎರಡು ಕಡೆ. ತಳಿ ಕೇಂದ್ರಗಳಲ್ಲಿ ಯಾವ ಮರಿ ಯಾವ ಕುಟುಂಬದ್ದು ಎಂದು ಗುರುತಿಸಲು ಬಾಲದ ಭಾಗಕ್ಕೆ ಬಣ್ಣದ ಗುರುತು ಚುಚ್ಚುತ್ತಾರೆ. ಅಣ್ಣ-ತಂಗಿ ಕೂಡಿ ವಂಶ ದುರ್ಬಲ ಆಗದಿರಲಿ ಎಂದು ಈ ಎಚ್ಚರಿಕೆ. ಇನ್ನೊಂದು, ವಿಯೆಟ್ನಾಂ, ಚೀನಾದಲ್ಲಿ ಪತ್ತೆಯಾದ ಮೋಸ: ಹಿಡಿದ ಸಿಗಡಿಗೆ ಅಂಟು ಚುಚ್ಚಿ ತೂಕ ಹೆಚ್ಚಿಸುವುದು. ಅದು ತಕ್ಕಡಿಯ ಮೋಸ. ಅದರಿಂದ ಸಿಗಡಿ ಬೆಳೆಯುವುದಿಲ್ಲ.

ನಿಜವಾಗಿ ಕೇಳಬೇಕಾದದ್ದು

ಹಾಗೆಂದು ಎಲ್ಲವೂ ಸರಿ ಇದೆ ಎನ್ನುತ್ತಿಲ್ಲ. ಅದೇ ಹವಾಯಿ ಅಧ್ಯಯನದಲ್ಲಿ, ತೌರಾ ಎಂಬ ವೈರಸ್ ತಡೆಯುವ ಗುಣಕ್ಕೂ ಬೇಗ ಬೆಳೆಯುವ ಗುಣಕ್ಕೂ ಹೊಂದಾಣಿಕೆ ಇರಲಿಲ್ಲ. ಬರೀ ತೂಕದ ಹಿಂದೆ ಬಿದ್ದರೆ ರೋಗ ತಡೆಯುವ ಶಕ್ತಿ ತಗ್ಗಬಹುದು. ರೋಗ ಬಂದಾಗ ಕೆಲವರು ಆ್ಯಂಟಿಬಯಾಟಿಕ್ ಸುರಿಯುತ್ತಾರೆ, ವೈರಸ್‌ಗೆ ಅದು ನಾಟದಿದ್ದರೂ. ಕ್ಲೋರಂಫೆನಿಕಾಲ್, ನೈಟ್ರೋಫ್ಯುರಾನ್‌ಗಳನ್ನು ಸಿಗಡಿ ಸಾಕಣೆಯಲ್ಲಿ ಭಾರತ ನಿಷೇಧಿಸಿದೆ. ಆದರೆ ಅವುಗಳ ಉಳಿಕೆ ಕಣ್ಣಿಗೆ ಕಾಣದು, ಲ್ಯಾಬ್‌ನಲ್ಲೇ ಪತ್ತೆಯಾಗಬೇಕು. ವಿದೇಶಕ್ಕೆ ಹೋಗುವ ಸಿಗಡಿಗೆ ನಡೆಯುವಂಥ ಪರೀಕ್ಷೆ ಕೆ.ಆರ್. ಪುರದ ಸಂತೆಗೆ ಬರುವ ಸಿಗಡಿಗೂ ನಡೆಯುತ್ತಿದೆಯೇ? ಕೇಳಬೇಕಾದ ಪ್ರಶ್ನೆ ಇದು. ಇಂಜೆಕ್ಷನ್ ಕಥೆ ಹಬ್ಬಿದಷ್ಟೂ ಇದು ಮರೆಗೆ ಸರಿಯುತ್ತದೆ, ಮಾರುವವರ ಭಾನುವಾರದ ವ್ಯಾಪಾರವೂ ಸುಮ್ಮನೆ ಹಾಳಾಗುತ್ತದೆ.

ಸಿಗಡಿ ಕೊಳ್ಳುವಾಗ ಗಾತ್ರಕ್ಕಿಂತ ವಾಸನೆ ನೋಡಿ. ಸಿಪ್ಪೆ ಗಟ್ಟಿ ಇದೆಯೇ, ತಲೆ ಕಪ್ಪಾಗಿದೆಯೇ ನೋಡಿ. ಎಲ್ಲಿಂದ ಬಂತು ಎಂದು ಕೇಳಿ. ಸಿಗಡಿ ಅಲರ್ಜಿ ಇದ್ದವರಿಗೆ ಸಮುದ್ರದ್ದೂ ಬೇಡ, ಕೊಳದ್ದೂ ಬೇಡ.

ಮುಂದಿನ ಸಲ ಮನೆಯ ಗ್ರೂಪಿಗೆ ಆ ಫಾರ್ವರ್ಡ್ ಬಂದರೆ ಜಗಳ ಬೇಡ. "ಒಂದು ಕೊಳದಲ್ಲಿ 6 ಲಕ್ಷ ಸಿಗಡಿ, ಸೂಜಿ ಹಾಕೋರು ಯಾರು?" ಎಂದು ಕೇಳಿ ಸಾಕು.