ವೃದ್ಧ ಶ್ವಾನದ ತಲೆಸುತ್ತು

ಸ್ವರ್ಗದ ಬಾಗಿಲಲ್ಲಿಯೂ ತನ್ನನ್ನು ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಒಳಹೋಗಲು ಧರ್ಮರಾಯನು ಒಪ್ಪಲಿಲ್ಲವೆಂಬುದು ನಮಗೆಲ್ಲ ತಿಳಿದ ಕಥೆ. ಬಾಲಿಗಂಜಿನ ಬಹುಮಹಡಿ ಮನೆಗಳಲ್ಲಿ ನೆಲೆಸಿರುವ ನಮ್ಮವರಲ್ಲಿಯೂ ನಾಯಿ ಸಾಕಿದವರು ಹಲವರಿದ್ದಾರೆ. ಹತ್ತು ಹನ್ನೆರಡು ವರ್ಷ ಮನೆಯವರಂತೆ ಬಾಳಿದ ನಾಯಿಯು ಒಂದು ಬೆಳಿಗ್ಗೆ ಎದ್ದು ನಿಲ್ಲಲಾರದೆ ಒಂದೇ ಪಕ್ಕಕ್ಕೆ ಉರುಳಿ ಬಿದ್ದರೆ, ‘ಪಾರ್ಶ್ವವಾಯು ಬಡಿಯಿತು, ಇನ್ನು ಇದರ ಕಾಲ ಮುಗಿಯಿತು’ ಎಂದು ಮನೆಮಂದಿ ಎದೆಗುಂದುವುದು ಸಹಜ. ಈ ಅವಸರದ ತೀರ್ಮಾನದಿಂದ, ಬದುಕಬಹುದಾಗಿದ್ದ ಪ್ರಾಣಿಯೂ ದಯಾಮರಣಕ್ಕೆ ಗುರಿಯಾಗಬಹುದು. ಆದುದರಿಂದ ಈ ವಿಷಯವನ್ನು ತುಸು ವಿವರವಾಗಿ ತಿಳಿದುಕೊಳ್ಳುವುದು ಉಚಿತ.

ಮನುಷ್ಯನಂತೆ ನಾಯಿಗೂ ದೇಹದ ಸಮತೋಲವನ್ನು ಕಾಯುವ ಅಂಗವು ಒಳಕಿವಿಯಲ್ಲಿದೆ. ಅಲ್ಲಿನ ಮೂರು ಅರ್ಧವೃತ್ತಾಕಾರದ ನಾಳಗಳಲ್ಲಿ ದ್ರವವು ತುಂಬಿದ್ದು, ತಲೆ ತಿರುಗಿದಾಗ ಅದರ ಚಲನೆಯ ಸುದ್ದಿಯು ನರದ ಮೂಲಕ ಮೆದುಳಿಗೆ ತಲಪುತ್ತದೆ. ಈ ಅಂಗದ ಕಾರ್ಯವನ್ನು ಕುರಿತ ಸಂಶೋಧನೆಗಾಗಿ ರಾಬರ್ಟ್ ಬಾರಾನಿ ಎಂಬ ವೈದ್ಯನಿಗೆ 1914ರ ನೊಬೆಲ್ ಪಾರಿತೋಷಕವು ದೊರೆಯಿತು. ಒಂದು ಕಿವಿಯ ವರದಿ ತಪ್ಪಿದರೆ, ಎರಡು ಬದಿಯ ಲೆಕ್ಕ ತಾಳೆಯಾಗದೆ ಮೆದುಳು ಗೊಂದಲಕ್ಕೊಳಗಾಗುತ್ತದೆ. ತಲೆಯು ಒಂದು ಪಕ್ಕಕ್ಕೆ ವಾಲುತ್ತದೆ. ಕಣ್ಣಾಲಿಗಳು ಅತ್ತಿತ್ತ ಓಲಾಡುತ್ತವೆ. ನಾಯಿಯು ಒಂದೇ ದಿಕ್ಕಿಗೆ ಸುತ್ತುತ್ತದೆ, ವಾಂತಿ ಮಾಡುತ್ತದೆ. ಸುತ್ತಲಿನ ಜಗತ್ತೇ ತಿರುಗುತ್ತಿರುವಂತಾಗುವುದರಿಂದ ಅದು ಚಡಪಡಿಸುತ್ತದೆ.

ಮುದಿನಾಯಿಗಳಲ್ಲಿ ನಿರ್ದಿಷ್ಟ ಕಾರಣ ಕಾಣದೆಯೇ ಹಠಾತ್ತನೆ ಹೀಗಾಗುವುದುಂಟು. ಇದು ನೋಡಲು ಭಯಂಕರವಾದರೂ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ತಗ್ಗತೊಡಗಿ, ಎರಡು ಮೂರು ವಾರಗಳಲ್ಲಿ ಬಹುಮಟ್ಟಿಗೆ ಗುಣವಾಗುತ್ತದೆ. ಕೆಲವಕ್ಕೆ ತಲೆಯ ಸ್ವಲ್ಪ ವಾಲಿಕೆ ಉಳಿದೀತು. ಅದರಿಂದ ಬಾಳಿಗೆ ತೊಂದರೆಯಿಲ್ಲ.

ಎಲ್ಲ ತೂರಾಟವೂ ಇದೇ ಅಲ್ಲವೆಂಬುದನ್ನೂ ಮರೆಯಬಾರದು. ಕಲ್ಕತ್ತೆಯ ಮಳೆಗಾಲದ ತೇವದಲ್ಲಿ, ವಿಶೇಷವಾಗಿ ಜೋಲುಕಿವಿಯ ನಾಯಿಗಳಲ್ಲಿ, ಕಿವಿಯ ಸೋಂಕು ಒಳಕ್ಕೆ ಇಳಿಯಬಹುದು. ಕಿವಿಯಿಂದ ದುರ್ವಾಸನೆ, ಪದೇ ಪದೇ ತಲೆ ಕೊಡವುವುದು ಇದರ ಸೂಚನೆಗಳು. ತಮಟೆ ಹರಿದಿದ್ದಲ್ಲಿ ಕೆಲವು ಕಿವಿಹನಿಗಳೇ ಒಳಕಿವಿಯನ್ನು ಕೆಡಿಸುವುದರಿಂದ, ವೈದ್ಯರು ಪರೀಕ್ಷಿಸುವ ಮುನ್ನ ಯಾವ ಹನಿಯನ್ನೂ ಹಾಕಬಾರದು. ಚುಚ್ಚುಮದ್ದು ಹಾಕಿಸದ ಎಳೆಯ ನಾಯಿಗೆ ಜ್ವರ ಬಂದು, ಕಣ್ಣು ಮೂಗುಗಳು ಸುರಿದು, ಬಳಿಕ ನಡುಕ ಅಥವಾ ತೂರಾಟ ಕಂಡರೆ ಡಿಸ್ಟೆಂಪರ್ ರೋಗವನ್ನು ಶಂಕಿಸಬೇಕು. ಪ್ರಜ್ಞೆ ಮಂಕಾಗುವುದು, ಕಣ್ಣಾಲಿಗಳು ಮೇಲೆ ಕೆಳಗೆ ಓಲಾಡುವುದು, ಕಾಲುಗಳ ಬಲ ಕುಂದುವುದು ಮೆದುಳಿನ ದೋಷವನ್ನು ಸೂಚಿಸಬಹುದು.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆ ಹುಚ್ಚುನಾಯಿ ರೋಗದ್ದು. ಚುಚ್ಚುಮದ್ದಿಲ್ಲದ ನಾಯಿಯ ನಡೆ ತಪ್ಪಿ, ದವಡೆ ಜೋತು, ಜೊಲ್ಲು ಸುರಿಯುತ್ತಿದ್ದರೆ, ಗಂಟಲಲ್ಲಿ ಮೂಳೆ ಸಿಕ್ಕಿತೆಂದು ಭಾವಿಸಿ ಅದರ ಬಾಯಿಗೆ ಕೈಯಿಡುವುದು ಪ್ರಾಣಾಪಾಯಕರ. ಕಚ್ಚಿದರೆ ಅಥವಾ ಜೊಲ್ಲು ಗಾಯಕ್ಕೆ ತಾಗಿದರೆ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅಂದೇ ವೈದ್ಯರಲ್ಲಿಗೆ ಹೋಗಬೇಕು. ಲಕ್ಷಣಗಳು ತಲೆದೋರಿದ ಮೇಲೆ ಈ ರೋಗಕ್ಕೆ ಮದ್ದಿಲ್ಲವೆಂದೇ ಹೇಳಬೇಕು.

ಬೀಳದೆಯೇ ರಾತ್ರಿಯಿಡೀ ಅಲೆದಾಡುವ, ಮೂಲೆಯಲ್ಲಿ ದಿಕ್ಕು ತೋಚದೆ ನಿಲ್ಲುವ ಮುದಿನಾಯಿಗೆ ಅರುಳುಮರುಳಾಗಿರಬಹುದು; ಇಲ್ಲವೇ ನೋವಿರಬಹುದು. ಗದರದೆ ವೈದ್ಯರಿಗೆ ತೋರಿಸುವುದು ಲೇಸು. ಕಾಳಿಪೂಜೆಯ ಪಟಾಕಿಯಿಂದಾಗುವ ಚಡಪಡಿಕೆಯಾದರೋ ಸದ್ದಡಗಿದೊಡನೆ ಬಹುತೇಕ ಇಳಿಯುತ್ತದೆ.

ಮನೆಯಲ್ಲಿ ಮಾಡಬೇಕಾದ ಆರೈಕೆ ಸರಳವಾದುದು. ನುಣುಪಾದ ಮೊಸಾಯಿಕ್ ನೆಲದ ಮೇಲೆ ಗೋಣಿತಟ್ಟು ಅಥವಾ ಜಮಖಾನ ಹಾಸಬೇಕು. ಮೆಟ್ಟಿಲಿಗೂ ಬಾಲ್ಕನಿಗೂ ಅಡ್ಡಕಟ್ಟಬೇಕು. ನೀರು, ಆಹಾರಗಳನ್ನು ಬಾಯ ಬಳಿಗೇ ಒಯ್ಯಬೇಕು. ರಾತ್ರಿ ಮಂದ ದೀಪ ಉರಿಸಬೇಕು. ನಮ್ಮ ನೋವಿನ ಮಾತ್ರೆಗಳಾದ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮುಂತಾದವನ್ನು ನಾಯಿಗೆ ಕೊಡಕೂಡದು. ಅವು ಅದಕ್ಕೆ ವಿಷವಾಗಬಲ್ಲವು.

ನಮ್ಮ ನಗರದ ಬೆಲ್ಗಾಛಿಯಲ್ಲಿ 19ನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಪಶುವೈದ್ಯ ಕಾಲೇಜು ಇಂದು ವಿಶ್ವವಿದ್ಯಾಲಯದ ಅಂಗವಾಗಿದೆ. ಪಶುವೈದ್ಯರಿಗೆ ಇಲ್ಲಿ ಕೊರತೆಯಿಲ್ಲ. ನಾಯಿ ಬಿದ್ದ ದಿನವೇ ಅವರಿಗೆ ತೋರಿಸಿರಿ. ಕಿವಿಯದೋ ಮೆದುಳಿನದೋ ಎಂಬುದು ನಿಶ್ಚಯವಾಗುವವರೆಗೆ ಅಂತಿಮ ನಿರ್ಧಾರವನ್ನು ಮುಂದೂಡಿರಿ. ಮಾತು ಬಾರದ ಆ ಜೀವಕ್ಕೆ ಆಗ ಬೇಕಾದುದು ಕೆಲವು ದಿನಗಳ ನಮ್ಮ ತಾಳ್ಮೆ.